ಆಡದೇ ಉಳಿದ ಪಂದ್ಯಗಳು

1981ರ ಜುಲೈ 14ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಮುನಿಸಿಪಲ್ ಸ್ಟೇಡಿಯಂನಲ್ಲಿ ಬೇಸ್‌ಬಾಲ್‌ನ ಆಲ್-ಸ್ಟಾರ್ ಪಂದ್ಯ ನಡೆಯಬೇಕಿತ್ತು. ಜೂನ್ 12ರಿಂದ ಆಟಗಾರರು ಮುಷ್ಕರ ಹೂಡಿದ್ದರು, ಪಂದ್ಯ ರದ್ದಾಯಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಮೈದಾನ ಖಾಲಿ ಬಿದ್ದಿತ್ತು. ಆದರೂ ಆ ದಿನ ಅಲ್ಲಿ ಒಂದು ಪಂದ್ಯ ನಡೆದೇ ನಡೆಯಿತು. ಆಟಗಾರರ ಹೆಸರಿನ ಕಾರ್ಡುಗಳನ್ನು ಜೋಡಿಸಿಟ್ಟುಕೊಂಡು, ದಾಳ ಉರುಳಿಸಿ ಆಡಿದ ಪಂದ್ಯ ಅದು. ತಮ್ಮ ಕಾಲದಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ 266 ಗೆಲುವು ತಂದುಕೊಟ್ಟಿದ್ದ ಪಿಚರ್ ಬಾಬ್ ಫೆಲ್ಲರ್ ಮೊದಲ ಚೆಂಡಿನ ಬದಲು ಮೊದಲ ದಾಳ ಎಸೆದರು. ಮುಷ್ಕರ ಮುಗಿದು ಆಗಸ್ಟ್ 9ರಂದು ಅದೇ ಮೈದಾನದಲ್ಲಿ ನಿಜವಾದ ಆಲ್-ಸ್ಟಾರ್ ಪಂದ್ಯ ನಡೆದಾಗ 72,086 ಜನ ಸೇರಿದ್ದರು.

ಜುಲೈನಲ್ಲಿ ಆಡಿದ ಆಟದ ಹೆಸರು ಸ್ಟ್ರಾಟ್-ಓ-ಮ್ಯಾಟಿಕ್. ಬೇಸ್‌ಬಾಲ್ ಚರಿತ್ರೆಯನ್ನು ಮತ್ತೆ ಆಡಿ, ಆಗಿದ್ದಕ್ಕಿಂತ ಬೇರೆ ಏನಾಗಬಹುದಿತ್ತು ಎಂದು ನೋಡುವ ಹವ್ಯಾಸ ಅಮೆರಿಕದಲ್ಲಿ ಮುಕ್ಕಾಲು ಶತಮಾನಕ್ಕೂ ಹಳೆಯದು. ಅದನ್ನು ಮಕ್ಕಳಾಟವೆಂದು ತಳ್ಳಿಹಾಕುವವರಿದ್ದಾರೆ. ಆ ಆಟ ಇತಿಹಾಸವನ್ನು ಕುರಿತ ಒಂದು ಗಂಭೀರ ವಿಚಾರಣೆ ಎಂಬುದು ಈ ಉಪನ್ಯಾಸದ ನಿಲುವು. 'ಹಾಗಾಗಿದ್ದರೆ ಏನಾಗುತ್ತಿತ್ತು' ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ; ಅದಕ್ಕೆ ನಿಯಮ ಕಟ್ಟಿ, ಲೆಕ್ಕ ಇಟ್ಟು, ಬಂದ ಉತ್ತರ ಇಷ್ಟವಾಗದಿದ್ದರೂ ಒಪ್ಪಿಕೊಳ್ಳುವವರು ಕಡಿಮೆ. ಈ ಆಟಗಾರರು ಆ ಕಡಿಮೆ ಜನರ ಸಾಲಿಗೆ ಸೇರಿದವರು. ದಾಳ ಉರುಳುವ ಮುನ್ನವೇ ಅರ್ಧ ಉತ್ತರವನ್ನು ಕಾರ್ಡು ಬರೆದಿಟ್ಟಿರುತ್ತದೆ, ಆ ಕಾರ್ಡನ್ನು ಹಳೆಯ ದಾಖಲೆ ಬರೆದಿರುತ್ತದೆ ಎನ್ನುವುದು ಅವರಿಗೆ ಗೊತ್ತು.

ಸಭೆಯಲ್ಲಿ ಬೇಸ್‌ಬಾಲ್ ನೋಡದವರೇ ಹೆಚ್ಚಿರಬಹುದು, ಆದರೆ ಬುಕ್ ಕ್ರಿಕೆಟ್ ಆಡದವರು ಇರಲಾರರು. ಕ್ಲಾಸಿನ ಕೊನೆಯ ಬೆಂಚಿನಲ್ಲಿ ಪಠ್ಯಪುಸ್ತಕ ತೆರೆದು, ಎಡಪುಟದ ಸಂಖ್ಯೆಯ ಕೊನೆಯ ಅಂಕಿ ನೋಡುವುದು. ನಾಲ್ಕು ಬಂದರೆ ಬೌಂಡರಿ, ಆರು ಬಂದರೆ ಸಿಕ್ಸರ್, ಸೊನ್ನೆ ಬಂದರೆ ಔಟ್. ಅದರಲ್ಲಿ ಗವಾಸ್ಕರರಿಗೂ ಚಂದ್ರಶೇಖರರಿಗೂ ಒಂದೇ ಅದೃಷ್ಟ. ಬ್ಯಾಟು ಹಿಡಿದವರು ಯಾರೆಂದು ಪುಸ್ತಕಕ್ಕೆ ತಿಳಿಯದು. ಅಮೆರಿಕದ ಮೇಜಿನಾಟ ಕಟ್ಟಿದವರು ನೀಗಿಸಿದ್ದು ಈ ಕೊರತೆಯನ್ನೇ. ವಿಸ್ಕಾನ್ಸಿನ್‌ನ ಕ್ಲಿಫರ್ಡ್ ವ್ಯಾನ್ ಬೀಕ್ 1930ರ ಸುಮಾರಿಗೆ ಒಬ್ಬೊಬ್ಬ ಆಟಗಾರನಿಗೂ ಬೇರೆ ಬೇರೆ ಕಾರ್ಡು ಅಚ್ಚು ಹಾಕಿಸಿದರು. ಆ ದಾರಿ ಹಿಡಿದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ರಿಚರ್ಡ್ ಸೈಟ್ಜ್ 1951ರಲ್ಲಿ ಎಪಿಬಿಎ ಎಂಬ ಆಟ ತಂದರು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿ ಬೆಳೆದ ಹ್ಯಾಲ್ ರಿಚ್‌ಮನ್ ಹನ್ನೊಂದನೇ ವಯಸ್ಸಿನಲ್ಲೇ ದಾಳದ ಸಂಭವಗಳನ್ನು ಬರೆದಿಟ್ಟುಕೊಳ್ಳತೊಡಗಿದರು. ಮುಂದೆ ಬಕ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, 1961ರಲ್ಲಿ ಸ್ಟ್ರಾಟ್-ಓ-ಮ್ಯಾಟಿಕ್ ಮಾರಾಟಕ್ಕಿಟ್ಟರು.

ಆ ಆಟದ ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. ಮೂರು ದಾಳ: ಒಂದು ಬಿಳಿ, ಎರಡು ಬಣ್ಣದವು. ಬಿಳಿ ದಾಳದಲ್ಲಿ 1, 2, 3 ಬಂದರೆ ಬ್ಯಾಟರನ ಕಾರ್ಡು ನೋಡಬೇಕು. 4, 5, 6 ಬಂದರೆ ಪಿಚರನದ್ದು. ಆ ಅಂಕಿಯೇ ಕಾರ್ಡಿನ ಕಂಬ. ಉಳಿದೆರಡು ದಾಳಗಳ ಮೊತ್ತ ಆ ಕಂಬದ ಸಾಲು. ಬಿಳಿಯದರಲ್ಲಿ 2, ಉಳಿದವುಗಳಲ್ಲಿ 3 ಮತ್ತು 4 ಬಿದ್ದರೆ ಬ್ಯಾಟರನ ಕಾರ್ಡಿನ ಎರಡನೇ ಕಂಬ, ಏಳನೇ ಸಾಲು. ಅಲ್ಲಿ ಏನು ಬರೆದಿದೆಯೋ ಅದೇ ಆಗುತ್ತದೆ: ಸಿಂಗಲ್, ವಾಕ್, ಸ್ಟ್ರೈಕ್‌ಔಟ್, ಹೋಮ್ ರನ್. ಎರಡು ದಾಳದ ಮೊತ್ತ 7 ಬರುವ ಸಂಭವ 36ರಲ್ಲಿ 6, 12 ಬರುವುದು 36ರಲ್ಲಿ 1. ಆದ್ದರಿಂದ ಏಳನೇ ಸಾಲಿನಲ್ಲಿ ಹಿಟ್ ಇರುವ ಬ್ಯಾಟರ್ ಭಾಗ್ಯವಂತ. ಮೂರು ದಾಳದಿಂದ ಒಟ್ಟು 216 ದಾರಿ. ಅವುಗಳಲ್ಲಿ 108 ಬ್ಯಾಟರನವು, 108 ಪಿಚರನವು.

ಕಾರ್ಡು ಮಾಡುವವರ ಜಾಣ್ಮೆ ಇರುವುದು ಇಲ್ಲೇ. ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿಯನ್ನು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ. 300 ಎಂದರೆ ಸಾವಿರ ಯತ್ನಕ್ಕೆ ಮುನ್ನೂರು ಹಿಟ್, ಅದು ಒಳ್ಳೆಯ ಬ್ಯಾಟರನ ಗುರುತು. ಒಬ್ಬನ ಸರಾಸರಿ 394 ಇದೆ ಎನ್ನಿ. ಅವನ ಕಾರ್ಡಿನಲ್ಲಿ 394ರ ಪ್ರಮಾಣದಲ್ಲೇ ಹಿಟ್ ಬರೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಅರ್ಧದಷ್ಟು ಸಲ ಫಲಿತಾಂಶ ಬರುವುದು ಪಿಚರನ ಕಾರ್ಡಿನಿಂದ. ಪಿಚರನ ಕಡೆಯಿಂದ 260ರ ಪ್ರಮಾಣದಲ್ಲಿ ಹಿಟ್ ಬರುವುದಾದರೆ, ಬ್ಯಾಟರನ ಕಾರ್ಡಿನಲ್ಲಿ 528ರ ಪ್ರಮಾಣ ಇರಬೇಕು. ಆಗ ಮಾತ್ರ ಎರಡೂ ಕೂಡಿ ಋತುವಿನ ಕೊನೆಗೆ 394ರ ಹತ್ತಿರ ನಿಲ್ಲುತ್ತದೆ.

394 ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ.

1994ರ ಆಗಸ್ಟ್ 12ರಂದು ಮತ್ತೊಂದು ಮುಷ್ಕರ ಆರಂಭವಾಯಿತು. ಈ ಬಾರಿ ಋತುವೇ ಮುಗಿದುಹೋಯಿತು. ಸೆಪ್ಟೆಂಬರ್ 14ರಂದು ವರ್ಲ್ಡ್ ಸೀರೀಸ್ ರದ್ದಾಯಿತು. ಋತುವಿನ ಕೊನೆಗೆ ಚಾಂಪಿಯನ್ ತಂಡವನ್ನು ನಿರ್ಧರಿಸುವ, ಎರಡು ಮಹಾಯುದ್ಧಗಳ ಕಾಲದಲ್ಲೂ ನಿಲ್ಲದ ಸರಣಿ ಅದು. ಮುಷ್ಕರದ ದಿನ ಸ್ಯಾನ್ ಡಿಯಾಗೋ ಪ್ಯಾಡ್ರೆಸ್‌ನ ಟೋನಿ ಗ್ವಿನ್ 419 ಯತ್ನಗಳಲ್ಲಿ 165 ಹಿಟ್ ಗಳಿಸಿ 394ರಲ್ಲಿದ್ದರು. 1941ರಲ್ಲಿ ಟೆಡ್ ವಿಲಿಯಮ್ಸ್ 406 ಮುಟ್ಟಿದ ಮೇಲೆ ಅಮೆರಿಕನ್, ನ್ಯಾಷನಲ್ ಲೀಗುಗಳಲ್ಲಿ ಯಾರೂ 400 ದಾಟಿಲ್ಲ. ಪ್ಯಾಡ್ರೆಸ್‌ಗೆ ಇನ್ನೂ 45 ಪಂದ್ಯ ಬಾಕಿ ಇದ್ದವು. ಮುಷ್ಕರ ಆಗದಿದ್ದರೆ ಗ್ವಿನ್ 400 ಮುಟ್ಟುತ್ತಿದ್ದರೇ?

ಸಾವಿರಾರು ಮೇಜುಗಳ ಮೇಲೆ ಕೇಳಿದ ಪ್ರಶ್ನೆ ಇದು. ಲೆಕ್ಕ ಕಷ್ಟದ್ದಲ್ಲ. 45 ಪಂದ್ಯಗಳಲ್ಲಿ ಸುಮಾರು 170 ಯತ್ನ ಸಿಗುತ್ತಿತ್ತು. ಅದರಲ್ಲಿ 71 ಹಿಟ್ ಬೇಕಿತ್ತು, ಅಂದರೆ 418ರ ಸರಾಸರಿ. ಆ ಋತುವಿನ ಕಾರ್ಡನ್ನೇ, 394ರ ಗ್ವಿನ್‌ರನ್ನೇ, ಮೇಜಿಗಿಳಿಸಿ ಮತ್ತೆ ಮತ್ತೆ ಆಡಿದರೆ ನೂರರಲ್ಲಿ ಸುಮಾರು 29 ಸಲ 400 ದಾಟುತ್ತದೆ. ಆದರೆ 394 ಅವರ ನಿಜವಾದ ಶಕ್ತಿಯೇ, ಅಥವಾ ಶಕ್ತಿಯ ಜೊತೆ ಒಂದಿಷ್ಟು ಒಳ್ಳೆಯ ಗಾಳಿಯೂ ಸೇರಿತ್ತೇ? ಅದರ ಹಿಂದಿನ ವರ್ಷ ಅವರು 358, ಮುಂದಿನ ವರ್ಷ 368. ಅವರ ಶಕ್ತಿಯನ್ನು 360 ಎಂದಿಟ್ಟುಕೊಂಡು ಆಡಿದರೆ ನೂರರಲ್ಲಿ ಏಳು ಸಲ ಮಾತ್ರ ದಾಟುತ್ತದೆ. ಜೀವನದ ಸರಾಸರಿಯಾದ 338ನ್ನು ಹಿಡಿದರೆ ಎರಡು ಸಲ. ದಾಳ ಅದೇ, ನಿಯಮ ಅದೇ. ಉತ್ತರ 29ರಿಂದ 2ಕ್ಕೆ ಇಳಿಯಿತು. ಗ್ವಿನ್‌ರನ್ನು ಯಾರೆಂದು ತಿಳಿದಿದ್ದೇವೆ ಎಂಬ ತೀರ್ಮಾನ ಕಾರ್ಡಿನಲ್ಲಿ ಅಡಗಿದೆ. ಆಡುವವರು ಆ ತೀರ್ಮಾನವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಮಾತಿನ ವಾದದಲ್ಲಿ ಅದನ್ನು ಮುಚ್ಚಿಡಬಹುದು, ಮೇಜಿನ ಮೇಲೆ ಸಾಧ್ಯವಿಲ್ಲ.

ಅದೇ ವರ್ಷದ ಇನ್ನೊಂದು ದೊಡ್ಡ ಗಾಯ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡದ್ದು. ಫೆಲಿಪೆ ಅಲೂ ಮ್ಯಾನೇಜರ್. ಪೆಡ್ರೋ ಮಾರ್ಟಿನೆಜ್, ಲ್ಯಾರಿ ವಾಕರ್, ಮೊಯ್ಸೆಸ್ ಅಲೂ, ಮಾರ್ಕಿಸ್ ಗ್ರಿಸಮ್ ಆಟಗಾರರು. 74 ಗೆಲುವು, 40 ಸೋಲು. ಇಡೀ ಬೇಸ್‌ಬಾಲ್‌ನಲ್ಲಿ ಅದಕ್ಕಿಂತ ಒಳ್ಳೆಯ ದಾಖಲೆ ಯಾರಿಗೂ ಇರಲಿಲ್ಲ. ಉಳಿದ 48 ಪಂದ್ಯಗಳನ್ನೂ ವರ್ಲ್ಡ್ ಸೀರೀಸನ್ನೂ ಸಿಮ್ಯುಲೇಶನ್ನಿನಲ್ಲಿ ಆಡಿ ಮುಗಿಸಿದವರು ಎಷ್ಟೋ ಜನ. ದಾಳ ಅಲ್ಲಿಯತನಕ ಕರೆದೊಯ್ಯುತ್ತದೆ. ಅಲ್ಲಿಂದ ಮುಂದೆ ಒಂದು ಆಸೆ ಕಾದಿರುತ್ತದೆ: ಕಪ್ ಗೆದ್ದಿದ್ದರೆ ಹೊಸ ಸ್ಟೇಡಿಯಂ ಏಳುತ್ತಿತ್ತು, ತಂಡ ಊರಲ್ಲೇ ಉಳಿಯುತ್ತಿತ್ತು. ನಿಜದಲ್ಲಿ ಆದದ್ದೇ ಬೇರೆ. 1995ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಗ್ರಿಸಮ್, ಕೆನ್ ಹಿಲ್, ಜಾನ್ ವೆಟಲ್ಯಾಂಡ್ ಬೇರೆ ತಂಡಗಳ ಪಾಲಾದರು, ವಾಕರ್ ಕೊಲೊರಾಡೋಗೆ ಹೋದರು. 2004ರ ಋತು ಮುಗಿದ ಮೇಲೆ ತಂಡವೇ ವಾಷಿಂಗ್ಟನ್ನಿಗೆ ಹೊರಟುಹೋಯಿತು. ಮಾಲೀಕರ ಸಾಲಕ್ಕೂ ನಗರಸಭೆಯ ಮನಸ್ಸಿಗೂ ಕಾರ್ಡಿಲ್ಲ. ಅಲ್ಲಿಗೆ ಬಂದಾಗ ಪ್ರಾಮಾಣಿಕ ಆಟಗಾರ ದಾಳ ಕೆಳಗಿಟ್ಟು, ಇನ್ನು ಮುಂದಿನದು ಕಥೆ ಎಂದು ಒಪ್ಪಿಕೊಳ್ಳುತ್ತಾನೆ. ಆ ಕಥೆ ಬರೆಯುವುದರಲ್ಲಿ ತಪ್ಪೇನಿಲ್ಲ. ಗೆರೆ ಎಲ್ಲಿದೆ ಎಂದು ತಿಳಿದಿದ್ದರೆ ಸಾಕು. ರಾಬರ್ಟ್ ಕೂವರ್ 1968ರಲ್ಲಿ ಬರೆದ ಬೇಸ್‌ಬಾಲ್ ಕಾದಂಬರಿಯ ನಾಯಕ ಹೆನ್ರಿ ವಾ ಎಂಬ ಲೆಕ್ಕಿಗ ಆ ಗೆರೆಯನ್ನೇ ದಾಟುತ್ತಾನೆ. ತನ್ನ ದಾಳದ ಲೀಗಿನ ನೆಚ್ಚಿನ ಪಿಚರ್ ದಾಳದ ಮಾತಿಗೆ ಬಲಿಯಾದಾಗ, ಸೇಡಿಗಾಗಿ ದಾಳವನ್ನು ತನ್ನ ಕೈಯಿಂದಲೇ ತಿರುಗಿಸಿಡುತ್ತಾನೆ.

ಒಂದೇ ಋತುವನ್ನು ಮತ್ತೆ ಆಡುವುದು ಒಂದು ಬಗೆ. ಇಡೀ ಚರಿತ್ರೆಯನ್ನೇ ಮತ್ತೆ ಆಡಿದರೆ? ಕಾರ್ನೆಲ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಆರ್ಬ್ಸ್‌ಮನ್ ಮತ್ತು ಸ್ಟೀವನ್ ಸ್ಟ್ರೋಗಟ್ಜ್ 2008ರಲ್ಲಿ ಅದನ್ನೂ ಮಾಡಿದರು. ಅವರ ಗುರಿ ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮ್ಯಾಜಿಯೋ 1941ರಲ್ಲಿ ಕಟ್ಟಿದ ದಾಖಲೆ: ಮೇ 15ರಿಂದ ಜುಲೈ 16ರವರೆಗೆ ಸತತ 56 ಪಂದ್ಯಗಳಲ್ಲಿ ಒಂದಾದರೂ ಹಿಟ್. ಮರುದಿನ ಕ್ಲೀವ್‌ಲ್ಯಾಂಡ್‌ನಲ್ಲಿ ಕೆನ್ ಕೆಲ್ಟ್‌ನರ್ ಎರಡು ಸಲ ಚೆಂಡನ್ನು ಅಡ್ಡಹಾಕಿ ಆ ಓಟ ನಿಲ್ಲಿಸಿದರು. ನಿಂತ ಮೇಲೂ ಡಿಮ್ಯಾಜಿಯೋ ಮತ್ತೆ 16 ಪಂದ್ಯ ಹಿಟ್ ಹೊಡೆದರು. ಅಮೆರಿಕದ ಕ್ರೀಡೆಯಲ್ಲಿ ಇದನ್ನು ಪವಾಡವೆಂದೇ ಎಣಿಸಿದ್ದರು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ ಬೇಸ್‌ಬಾಲ್‌ನ ಗೆಲುವು-ಸೋಲುಗಳ ಸರಣಿಗಳನ್ನೆಲ್ಲ ಪರೀಕ್ಷಿಸಿ, ಆಕಸ್ಮಿಕದ ನಿಯಮ ಮೀರಿದ್ದು ಇದೊಂದೇ ಎಂದು ಕಂಡುಕೊಂಡರೆಂದು ಸ್ಟೀಫನ್ ಜೇ ಗೂಲ್ಡ್ 1988ರಲ್ಲಿ ಬರೆದಿದ್ದರು.

ಆ ವರ್ಷ ಡಿಮ್ಯಾಜಿಯೋ ಒಂದು ಪಂದ್ಯದಲ್ಲಿ ಕನಿಷ್ಠ ಒಂದು ಹಿಟ್ ಪಡೆಯುವ ಸಂಭವ ಸುಮಾರು ನೂರಕ್ಕೆ 81. ಅದನ್ನು 56 ಬಾರಿ ಗುಣಿಸಿದರೆ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಹಾಗೆ ನೋಡಿದರೆ ಪವಾಡವೇ. ಆದರೆ ಕಾರ್ನೆಲ್‌ನ ಇಬ್ಬರು ಬೇರೆ ಪ್ರಶ್ನೆ ಕೇಳಿದರು: ಯಾರಾದರೊಬ್ಬರು, ಯಾವುದಾದರೊಂದು ವರ್ಷ ಇಂಥದ್ದನ್ನು ಮಾಡುವ ಸಂಭವ ಎಷ್ಟು? 1871ರಿಂದ 2005ರವರೆಗಿನ ಎಲ್ಲ ಆಟಗಾರರ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು ಇಡೀ ಚರಿತ್ರೆಯನ್ನು 10,000 ಬಾರಿ ಆಡಿಸಿದರು. ನೂರಕ್ಕೆ 42 ಚರಿತ್ರೆಗಳಲ್ಲಿ 56 ಅಥವಾ ಅದಕ್ಕಿಂತ ಉದ್ದದ ಸರಣಿ ಮೂಡಿತು. ಅತಿ ಕಡಿಮೆ ದಾಖಲೆ 39, ಅತಿ ಹೆಚ್ಚು 109. ದಾಖಲೆ ಹೆಚ್ಚಾಗಿ ಸೇರಿದ್ದು ಡಿಮ್ಯಾಜಿಯೋಗಲ್ಲ, 1890ರ ದಶಕದ ಹ್ಯೂ ಡಫಿ ಮತ್ತು ವಿಲ್ಲಿ ಕೀಲರ್ ಅವರಿಗೆ. ಆ ಸಂಭವದ ಪಟ್ಟಿಯಲ್ಲಿ ಡಿಮ್ಯಾಜಿಯೋ 56ನೆಯವರು.

ಆ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಪ್ರತಿ ಪಂದ್ಯದಲ್ಲೂ ಬ್ಯಾಟರನಿಗೆ ಒಂದೇ ಪ್ರಮಾಣದ ಅವಕಾಶ ಸಿಗುತ್ತದೆ ಎಂದು ಹಿಡಿದರೆ ಉದ್ದ ಸರಣಿಗಳು ಸ್ವಲ್ಪ ಸುಲಭವಾಗುತ್ತವೆ, ಏಕೆಂದರೆ ನಿಜದಲ್ಲಿ ಎರಡೇ ಸಲ ಬ್ಯಾಟು ಹಿಡಿಯುವ ಬಡ ದಿನಗಳೂ ಬರುತ್ತವೆ. ಹಾಗಿದ್ದರೂ ಮೂಲ ಮಾತು ಅಲುಗುವುದಿಲ್ಲ. ಒಬ್ಬನ ಪಾಲಿಗೆ ಅಸಾಧ್ಯವೆನಿಸಿದ್ದು ನೂರಾರು ಜನ, ನೂರಾರು ವರ್ಷ ಆಡಿದಾಗ ಯಾರದ್ದಾದರೂ ಬಾಗಿಲು ತಟ್ಟುತ್ತದೆ. ಇದರಿಂದ ಡಿಮ್ಯಾಜಿಯೋ ಹಿರಿಮೆ ಕುಗ್ಗುವುದಿಲ್ಲ. 56 ದಿನ ಮೈದಾನಕ್ಕಿಳಿದು ಹೊಡೆದವರು ಅವರೇ.

ಮರು-ಆಟದಿಂದ ಒಬ್ಬರಿಗೆ ನ್ಯಾಯವೂ ದೊರಕಬಹುದು. ಬಿಲ್ ಬಕ್ನರ್ ಅಂಥವರು. 1986ರ ಅಕ್ಟೋಬರ್ 25, ನ್ಯೂಯಾರ್ಕಿನ ಶೇ ಸ್ಟೇಡಿಯಂ, ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಬಾಸ್ಟನ್ ರೆಡ್ ಸಾಕ್ಸ್ ಸರಣಿಯಲ್ಲಿ 3-2 ಮುಂದಿತ್ತು. 1918ರ ನಂತರ ಅಲ್ಲಿಯತನಕ ಕಪ್ ಕಾಣದ ತಂಡ ಅದು. ಹತ್ತನೇ ಇನ್ನಿಂಗ್ಸಿನಲ್ಲಿ ಬಾಸ್ಟನ್ 5-3 ಮುಂದೆ, ಎದುರಾಳಿ ಮೆಟ್ಸ್ ತಂಡದ ಇಬ್ಬರು ಔಟ್, ಬೇಸ್‌ಗಳೆಲ್ಲ ಖಾಲಿ. ಆಮೇಲೆ ಸಾಲಾಗಿ ಮೂರು ಸಿಂಗಲ್, ಪಿಚರ್ ಬದಲಾವಣೆ, ಕೊನೆಗೆ ಮೂಕಿ ವಿಲ್ಸನ್ ಹೊಡೆದ ಮೆಲ್ಲನೆಯ ಚೆಂಡು ಮೊದಲ ಬೇಸಿನ ಬಳಿ ಬಕ್ನರ್ ಕಾಲುಗಳ ನಡುವೆ ನುಸುಳಿತು. ಮೆಟ್ಸ್ 6-5ರಿಂದ ಗೆದ್ದಿತು. ಬಕ್ನರ್ ತಮ್ಮ ಆಟದ ಬದುಕಿನಲ್ಲಿ 2,715 ಹಿಟ್ ಹೊಡೆದವರು. ಲೋಕ ನೆನಪಿಟ್ಟುಕೊಂಡದ್ದು ಆ ಒಂದು ಚೆಂಡನ್ನು.

ಬಕ್ನರ್ ಚೆಂಡು ಹಿಡಿದಿದ್ದರೆ ಬಾಸ್ಟನ್ ಕಪ್ ಗೆಲ್ಲುತ್ತಿತ್ತು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಮೇಜಿನ ಮೇಲೆ ಆ ಕ್ಷಣವನ್ನು ಜೋಡಿಸಲು ಕೂತವನಿಗೆ ಮೊದಲು ಬೇಕಾಗುವುದು ಸ್ಕೋರು. ಬರೆಯಹೋದರೆ ಕೈ ನಿಲ್ಲುತ್ತದೆ: ಸ್ಕೋರು ಆಗಲೇ 5-5! ಚೆಂಡು ಬಕ್ನರ್ ಕಡೆ ಉರುಳುವ ಮೊದಲೇ ಬಾಸ್ಟನ್ನಿನ ಹೊಸ ಪಿಚರ್ ಬಾಬ್ ಸ್ಟ್ಯಾನ್ಲಿ ಎಸೆದ ದಿಕ್ಕುತಪ್ಪಿದ ಚೆಂಡಿನಲ್ಲಿ ಮೆಟ್ಸ್‌ನ ಕೆವಿನ್ ಮಿಚೆಲ್ ಓಡಿಬಂದು ಸಮ ಮಾಡಿದ್ದರು. ಬಕ್ನರ್ ಹಿಡಿದಿದ್ದರೆ ಸಿಗುತ್ತಿದ್ದದ್ದು ಹನ್ನೊಂದನೇ ಇನ್ನಿಂಗ್ಸು, ಅಂದರೆ ಹೆಚ್ಚುಕಡಿಮೆ ಸಮಪಾಲಿನ ಅವಕಾಶ. ಸ್ಟ್ಯಾನ್ಲಿಯ ಚೆಂಡಿಗೆ ಮುನ್ನ ಬಾಸ್ಟನ್ನಿನ ಗೆಲುವಿನ ಸಂಭವ ನೂರಕ್ಕೆ 80ರ ಆಸುಪಾಸಿನಲ್ಲಿತ್ತು, ಅದಾದ ಮೇಲೆ 40ಕ್ಕೆ ಇಳಿಯಿತು. ಬಕ್ನರ್ ತಪ್ಪು ಆ ಉಳಿದ 40ನ್ನು ಒಯ್ದಿತು. ಎರಡರ ತೂಕವೂ ಒಂದೇ. ಆ ಸರಣಿಯ ಗೆಲುವುಗಳಲ್ಲಿ ಕೊನೆಯ ಹೊತ್ತಿಗೆ ಬಕ್ನರ್ ಜಾಗಕ್ಕೆ ಡೇವ್ ಸ್ಟೇಪಲ್ಟನ್‌ರನ್ನು ಕಳಿಸುತ್ತಿದ್ದ ಮ್ಯಾನೇಜರ್ ಜಾನ್ ಮೆಕ್‌ನಮಾರ ಅಂದು ಕಳಿಸಲಿಲ್ಲ. ಮೇಲಾಗಿ ಅದು ಕೊನೆಯ ಪಂದ್ಯವೂ ಅಲ್ಲ: ಎರಡು ದಿನ ಬಿಟ್ಟು ನಡೆದ ಏಳನೇ ಪಂದ್ಯದಲ್ಲಿ ಬಾಸ್ಟನ್ 3-0 ಮುಂದಿದ್ದೂ 8-5ರಿಂದ ಸೋತಿತು. ಒಬ್ಬ ಮನುಷ್ಯನ ಮೇಲೆ ದಶಕಗಳ ಕಾಲ ಹೊರಿಸಿದ ಭಾರ, ಕ್ಷಣವನ್ನು ಸರಿಯಾಗಿ ಜೋಡಿಸಿಟ್ಟೊಡನೆ ಐದಾರು ಹೆಗಲಿಗೆ ಹಂಚಿಹೋಗುತ್ತದೆ.

ಇಷ್ಟು ನಿಖರವಾಗಿ ಜೋಡಿಸಲು ಸಾಧ್ಯವಾದದ್ದು ಯಾರೋ ಕೂತು ಒಂದೊಂದು ಚೆಂಡನ್ನೂ ಬರೆದಿಟ್ಟದ್ದರಿಂದ. ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಡೇವಿಡ್ ಸ್ಮಿತ್ 1989ರಲ್ಲಿ ರೆಟ್ರೋಶೀಟ್ ಎಂಬ ಸಂಸ್ಥೆ ಕಟ್ಟಿದರು. ಕ್ಲಬ್ಬುಗಳ ಕಪಾಟುಗಳಲ್ಲಿ, ಪತ್ರಕರ್ತರ ಮನೆಗಳಲ್ಲಿ ಬಿದ್ದಿದ್ದ ಸ್ಕೋರ್ ಪುಸ್ತಕಗಳನ್ನು ಹುಡುಕಿ ತೆಗೆದು, ಸ್ವಯಂಸೇವಕರಿಂದ ಕಂಪ್ಯೂಟರಿಗೆ ಏರಿಸಿ, ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಇಂದು ಜರ್ಮನಿಯ ಮಾರ್ಕುಸ್ ಹೈನ್ಸೋನ್ 1999ರಲ್ಲಿ ಆರಂಭಿಸಿದ ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್‌ನಂಥ ಕಂಪ್ಯೂಟರ್ ಆಟದಲ್ಲಿ 1871ರಿಂದಲೇ ಚರಿತ್ರೆ ಶುರುಮಾಡಬಹುದು. 2020ರ ವಸಂತದಲ್ಲಿ ಕೋವಿಡ್‌ನಿಂದ ಮೈದಾನಗಳು ಮುಚ್ಚಿದಾಗ ಬೇಸ್‌ಬಾಲ್-ರೆಫರೆನ್ಸ್ ಎಂಬ ಜಾಲತಾಣ ಆ ಆಟದ ನೆರವಿನಿಂದಲೇ, ನಡೆಯದ ಋತುವನ್ನು ದಿನಕ್ಕಿಷ್ಟರಂತೆ ಆಡಿ ತೋರಿಸಿತು.

ಬರೆದಿಡದವರ ಗತಿ ಏನು? ಈ ಹವ್ಯಾಸದ ಅತಿ ಭಾರವಾದ ಪ್ರಶ್ನೆ ಇದೇ ಎನ್ನಬೇಕು. ಜಾಷ್ ಗಿಬ್ಸನ್ ಹೋಮ್‌ಸ್ಟೆಡ್ ಗ್ರೇಸ್ ತಂಡದ ಕ್ಯಾಚರ್, ಅವರ ಕಾಲದ ಅತಿ ಬಲಶಾಲಿ ಬ್ಯಾಟರುಗಳಲ್ಲಿ ಒಬ್ಬರು. ಕರಿಯರೆಂಬ ಕಾರಣಕ್ಕೆ ಅವರಿಗೆ ಮೇಜರ್ ಲೀಗಿನ ಬಾಗಿಲು ತೆರೆಯಲೇ ಇಲ್ಲ. 1947ರ ಜನವರಿ 20ರಂದು, 35ನೇ ವಯಸ್ಸಿನಲ್ಲಿ, ತೀರಿಕೊಂಡರು. ಮೂರು ತಿಂಗಳೂ ಕಳೆಯುವ ಮೊದಲೇ, ಏಪ್ರಿಲ್ 15ರಂದು, ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕಿಳಿದು ಆ ಬಾಗಿಲು ಮುರಿದರು. ಬೇಸ್‌ಬಾಲ್ ಚರಿತ್ರೆಯಲ್ಲಿ ಬದಲಿಸಿ ಆಡಲೇಬೇಕಾದ ಒಂದು ತಿರುವು ಇದ್ದರೆ ಇದೇ: ಗಿಬ್ಸನ್ 1930ರ ದಶಕದಲ್ಲಿ ಎಲ್ಲರೊಡನೆ ಆಡಿದ್ದರೆ?

ಬಹುಕಾಲ ಈ ಪ್ರಶ್ನೆಗೆ ಕಾರ್ಡೇ ಇರಲಿಲ್ಲ. ಕರಿಯ ಆಟಗಾರರ ನೀಗ್ರೋ ಲೀಗುಗಳ ಪಂದ್ಯಗಳನ್ನು ಬಿಳಿಯರ ಪತ್ರಿಕೆಗಳು ಹೆಚ್ಚಾಗಿ ವರದಿ ಮಾಡುತ್ತಿರಲಿಲ್ಲ. ಪಿಟ್ಸ್‌ಬರ್ಗ್ ಕುರಿಯರ್, ಶಿಕಾಗೋ ಡಿಫೆಂಡರ್‌ನಂಥ ಕರಿಯರ ಪತ್ರಿಕೆಗಳಲ್ಲಿ ಬಾಕ್ಸ್ ಸ್ಕೋರುಗಳು ಬರುತ್ತಿದ್ದವು, ಕೆಲವು ಪೂರ್ತಿ, ಕೆಲವು ಅರ್ಧಂಬರ್ಧ. ಮೈಕ್ರೋಫಿಲ್ಮಿನ ಮಸುಕು ಪುಟಗಳಿಂದ ಅವನ್ನು ಒಂದೊಂದಾಗಿ ಹೆಕ್ಕಿ ತೆಗೆದವರು ಗ್ಯಾರಿ ಆಶ್‌ವಿಲ್‌ರಂಥ ಸಂಶೋಧಕರು. ಸ್ಕಾಟ್ ಸಿಮ್ಕಸ್ ಅವರ ಶ್ರಮದಿಂದ ಸ್ಟ್ರಾಟ್-ಓ-ಮ್ಯಾಟಿಕ್ 2009ರಲ್ಲಿ ನೀಗ್ರೋ ಲೀಗುಗಳ ಮೇಲ್ಮಟ್ಟದ ಆಟಗಾರರ ಕಾರ್ಡುಗಳನ್ನು ಹೊರತಂದಿತು. ಅಂದಿನಿಂದ ಗಿಬ್ಸನ್ ಯಾರ ಮೇಜಿನ ಮೇಲಾದರೂ ಬಿಳಿಯರ ಲೀಗಿನ ಬೇಬ್ ರೂತ್ ಎದುರು ಆಡಬಲ್ಲರು. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳಿಗೆ ಮೇಜರ್ ಸ್ಥಾನ ಕೊಟ್ಟಿತು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಜೀವಮಾನದ ಸರಾಸರಿಯಲ್ಲಿ ಅಲ್ಲಿಯತನಕ ಮೊದಲಿದ್ದ ಟೈ ಕಾಬ್ ಅವರ 367ನ್ನು ಗಿಬ್ಸನ್ ಅವರ 372 ಹಿಂದಿಕ್ಕಿತು. 1943ರಲ್ಲಿ ಅವರು ಗಳಿಸಿದ 466 ಈಗ ಒಂದು ಋತುವಿನ ಅತ್ಯುನ್ನತ ಸರಾಸರಿ.

ಮೇಜಿಗೆ ಕೂತವರಿಗೆ ಇಲ್ಲಿ ಮತ್ತೆ ಗ್ವಿನ್ ಪ್ರಶ್ನೆಯೇ ಎದುರಾಗುತ್ತದೆ, ಇನ್ನಷ್ಟು ಗಟ್ಟಿಯಾಗಿ. ಆ ಲೀಗುಗಳ ಋತು ಸಾಮಾನ್ಯವಾಗಿ 60ರಿಂದ 80 ಪಂದ್ಯಗಳದ್ದು, ಬಿಳಿಯರ ಲೀಗಿನದ್ದು 154. ಚಿಕ್ಕ ಋತುವಿನಲ್ಲಿ ಸಂಖ್ಯೆಗಳು ಮೇಲೆ ಕೆಳಗೆ ಹೆಚ್ಚು ಜಿಗಿಯುತ್ತವೆ. ಹಾಗೆಂದು 466ನ್ನು ಇಳಿಸಿ ಕಾರ್ಡು ಬರೆಯುವವರು, ವರ್ಷವಿಡೀ ಬಸ್ಸಿನಲ್ಲಿ ಊರೂರು ಅಲೆದು, ದಾಖಲೆಗೆ ಸೇರದ ಪ್ರದರ್ಶನ ಪಂದ್ಯಗಳನ್ನೂ ಆಡುತ್ತಿದ್ದವರ ದಣಿವಿಗೆ ಎಷ್ಟು ಏರಿಸಬೇಕೆಂದೂ ಹೇಳಬೇಕಾಗುತ್ತದೆ. ಈ ವಾದ ಮುಗಿದಿಲ್ಲ. ಹಳೆಯ ಪತ್ರಿಕೆಗಳ ಹುಡುಕಾಟವೂ ಮುಗಿದಿಲ್ಲ. ಕಳೆದುಹೋಗಿದ್ದ ಬಾಕ್ಸ್ ಸ್ಕೋರು ಒಂದು ಸಿಕ್ಕರೆ ಗಿಬ್ಸನ್ ಸರಾಸರಿ ಒಂದು ಅಂಕ ಏರಬಹುದು, ಇಳಿಯಬಹುದು; ಅವರ ಕಾರ್ಡನ್ನು ಹೊಸದಾಗಿ ಲೆಕ್ಕ ಹಾಕಿ ಮತ್ತೆ ಅಚ್ಚು ಮಾಡಬೇಕಾಗುತ್ತದೆ.